ಕುರಿ ಬೆದರ್ತಾವೆ

ಕಂಬಳಿ ಹೊದ್ದು ಗಿಟಾರ್ ಬಾರಿಸುವ ಆ ನಾಲ್ವರನ್ನು ಕಂಡರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಸಿಟ್ಟು ಕಂಬಳಿಯ ಮೇಲಲ್ಲ. ನಮ್ಮದು ಕುರಿ ಸಾಕುವ ಮನೆ, ಕಂಬಳಿಯ ಮೇಲೇ ಹುಟ್ಟಿ ಬೆಳೆದವಳು ನಾನು. ಆದರೆ ಸುಡು ಬೇಸಿಗೆಯಲ್ಲಿ, ಸ್ಟೇಜಿನ ಲೈಟುಗಳ ಕೆಳಗೆ, ಬೆವರು ಸುರಿಸಿಕೊಂಡು ಅದನ್ನು ಹೊದೆಯುವ ಕುರಿಗಾಹಿಯನ್ನು ನಾನಂತೂ ಕಂಡಿಲ್ಲ. ಹಾಡುವವನ ಅಪ್ಪನದು ಚಿತ್ರದುರ್ಗದಲ್ಲಿ ಬಟ್ಟೆ ಅಂಗಡಿ. ಡ್ರಮ್ಮಿನವನಿಗೆ ಕುರಿ ಯಾವುದು ಮೇಕೆ ಯಾವುದು ಗೊತ್ತಿರಲಿಲ್ಲ. ಬಾಲ ತೋರಿಸಿ ಹೇಳಿಕೊಟ್ಟವಳು ನಾನೇ.

ದುರ್ಗದ ಕಾಲೇಜಿನಲ್ಲಿ ಅವರು ನನ್ನ ಜೊತೆ ಓದಿದವರು. ಆಗ ಅವರ ರಾಕ್ ಬ್ಯಾಂಡನ್ನು ಕೇಳುತ್ತಿದ್ದವರೆಂದರೆ ನಾನು ಮತ್ತು ಕ್ಯಾಂಟೀನಿನ ಗೋಡೆ. ಊರಲ್ಲಿ ಎಲ್ಲಿ ಬಾರಿಸಿದರೂ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. ಹರಿಯಬ್ಬೆಯ ನಮ್ಮ ಹೊಲದಲ್ಲಿ, ಕುರಿ ಕೂಡುವ ರೊಪ್ಪದ ಪಕ್ಕ, ಒಂದು ತಗಡಿನ ಶೆಡ್ಡಿತ್ತು. ಅಲ್ಲಿ ಬಂದು ರೆಕಾರ್ಡ್ ಮಾಡಿಕೊಳ್ಳಿ ಅಂದೆ. ಬಂದರು, ಅವ್ವನ ಕೈಯ ಮುದ್ದೆ ಉಂಡರು, ಬಾರಿಸತೊಡಗಿದರು. ರೊಪ್ಪದೊಳಗೆ ಕುರಿಗಳು ಗಾಬರಿ ಬಿದ್ದು ಒಂದರ ಮೇಲೊಂದು ಹತ್ತಿದವು. ಅವ್ವ ಓಡಿ ಬಂದು ಊರಿಗೇ ಕೇಳುವ ಹಾಗೆ ಬೈದಳು.

“ಲೇ, ನಿಲ್ಸ್ರೋ. ನಿಮ್ ಬಾಯಿಗ್ ಮಣ್ಣ್ ಹಾಕ, ಕುರಿ ಬೆದರ್ತಾವೆ.”

ಆ ಬೈಗುಳವೂ ರೆಕಾರ್ಡ್ ಆಯಿತು, ಅವರು ತೆಗೆಯಲಿಲ್ಲ. ಆ ಹಾಡೇ ಅವರನ್ನು ಬೆಂಗಳೂರಿಗೆ ಮುಟ್ಟಿಸಿತು. ಒಮ್ಮೆ ಅಲ್ಲಿಗೆ ಹೋಗಿ ಅವರ ಕಾರ್ಯಕ್ರಮ ಕೇಳಿದ್ದೆ. ಅವ್ವನ ಮಾತು ಬರುವ ಹೊತ್ತಿಗೆ ಸೇರಿದ್ದವರೆಲ್ಲ ಅವಳ ಜೊತೆ ಬೈಯುತ್ತಿದ್ದರು. ಆವತ್ತು ನನಗೆ ಬಹಳ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆಮೇಲಿನ ಹಾಡುಗಳು ಸಪ್ಪೆ. ಸಂದರ್ಶನಗಳಲ್ಲಿ ಮಾತ್ರ ಮಣ್ಣು, ಬೇರು, ದನಿ ಎಂದು ಬಾಯಿ ತುಂಬ ಮಾತು. ಗೊಣಗುತ್ತಲೇ ಕೇಳುತ್ತಿದ್ದೆ; ಹಳೆಯ ಪರಿಚಯ, ಬಿಡಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಅವ್ವನ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿ ಜೀವ ಉಳಿಸಿದರು, ದನಿ ಉಳಿಯಲಿಲ್ಲ. ಅದಾದ ಮೇಲೆ ನಾನು ಆ ಬ್ಯಾಂಡನ್ನು ಕೇಳುತ್ತಿದ್ದುದು ಅವ್ವನ ಆ ಒಂದು ಸಾಲಿಗಾಗಿ ಮಾತ್ರ. ಬೆಳಿಗ್ಗೆ ಒಲೆಯ ಮುಂದೆ ಫೋನಿನಲ್ಲಿ ಹಾಕುತ್ತಿದ್ದೆ. ತನ್ನ ಬೈಗುಳ ಕೇಳಿ ಅವ್ವ ಸದ್ದಿಲ್ಲದೆ ನಗುತ್ತಿದ್ದಳು. ಬೇರೆಲ್ಲೂ ಅವಳ ದನಿ ನಮ್ಮ ಹತ್ತಿರ ಇರಲಿಲ್ಲ. ಮನೆಯಲ್ಲೇ ದಿನವಿಡೀ ಕೂಗಾಡುವವಳನ್ನು ಯಾರು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ?

ಒಂದು ಬೆಳಿಗ್ಗೆ ಹಾಡು ಬದಲಾಗಿತ್ತು. ಹಳೆಯದನ್ನು ನೆಟ್‌ನಿಂದಲೇ ತೆಗೆದುಹಾಕಿ ಹೊಸದಾಗಿ ಹಾಡಿ ಬಿಟ್ಟಿದ್ದರು. ಅವ್ವನ ಜಾಗದಲ್ಲಿ ಯಾರೋ ಬಾಡಿಗೆಯವಳು ಬೆಲ್ಲ ಮೆಲ್ಲುವವಳಂತೆ “ಕುರಿ ಬೆದರ್ತೈತೆ” ಎನ್ನುತ್ತಿದ್ದಳು. ಒಂದಿದ್ದರೆ ಐತೆ, ಹಲವಿದ್ದರೆ ಅವೆ. ನಮ್ಮ ಕಡೆ ಹಾಲು ಕುಡಿಯುವ ಮಗುವಿಗೂ ಗೊತ್ತು. ಸಿಕ್ಕಲ್ಲೆಲ್ಲ ಐತೆ ಚಿಮುಕಿಸಿದರೆ ದುರ್ಗದ ಕನ್ನಡವಾಗುತ್ತದೆ ಎಂದುಕೊಂಡಿದ್ದಾರೆ, ಮುಠ್ಠಾಳರು. ಅವ್ವ ಫೋನನ್ನು ನೋಡಿದಳು, ನನ್ನನ್ನು ನೋಡಿದಳು. ಅದು ತಾನಲ್ಲ ಎಂದು ಕೈ ಆಡಿಸಿದಳು.

ಮುಂದೆ ಅವರು ದುರ್ಗದಲ್ಲೇ ಕಾರ್ಯಕ್ರಮ ಕೊಡಲು ಬಂದಾಗ, ಹಳೆಯ ರೆಕಾರ್ಡಿಂಗ್ ಕೇಳಿ ಪಡೆಯೋಣವೆಂದು ಅವ್ವನನ್ನೂ ಕರೆದುಕೊಂಡು ಹೋದೆ. ಮುಗಿದ ಮೇಲೆ ಸ್ಟೇಜಿನ ಹಿಂದೆ ಹಾಡುಗಾರ ಸಿಕ್ಕ. ಅವ್ವನ ಕಾಲಿಗೆ ಬಿದ್ದ, ಕಣ್ಣು ಮಾತ್ರ ಕ್ಯಾಮೆರಾ ಹಿಡಿದವನ ಕಡೆಗಿತ್ತು.

“ಆಪರೇಷನ್ ಆಗಿ ಅವ್ವನ ದನಿ ಹೋಗೈತಪ್ಪ,” ಅಂದೆ. “ಹಳೇ ರೆಕಾರ್ಡಿಂಗ್ ಕೊಡು. ಅವ್ವನ ದನಿ ಇರೋದು ಅದ್ರಾಗೆ ಒಂದೇ.”

“ಅಯ್ಯೋ, ಆ ಹಾರ್ಡ್ ಡಿಸ್ಕ್ ಯಾವಾಗ್ಲೋ ಹೋಯ್ತು ಕಣೆ. ಕ್ವಾಲಿಟಿನೂ ಚೆನ್ನಾಗಿರ್ಲಿಲ್ಲ ಬಿಡು.” ನನ್ನ ಮುಖ ನೋಡಲೂ ಪುರುಸೊತ್ತಿಲ್ಲದವನಂತೆ ಅವ್ವನ ಕಡೆ ತಿರುಗಿದ. “ಅಮ್ಮ, ಒಂದ್ಸಲ ಅವತ್ತಿನ ಥರ ಬೈರಿ.”

“ದನಿ ಇಲ್ಲ ಅಂತ ಈಗ ತಾನೆ ಹೇಳಿದ್ನಲ್ಲೋ.”

“ಪರವಾಗಿಲ್ಲ, ಬಾಯಿ ಆಡಿಸ್ಲಿ ಸಾಕು. ವಾಯ್ಸ್ ಆಮೇಲೆ ಹಾಕ್ಕೋತೀವಿ.”

ನನಗೆ ಅಸಹ್ಯವಾಯಿತು. ಹೋಗಾಣ ಬಾ ಎಂದು ಅವ್ವನ ಕೈ ಹಿಡಿದೆ. ಅವಳು ಬಿಡಿಸಿಕೊಂಡಳು. ಅವನ ಮುಖಕ್ಕೆ ನೇರ ನೋಡಿ, ಕುತ್ತಿಗೆಯ ನರ ಉಬ್ಬುವ ಹಾಗೆ ಅವತ್ತಿನ ಅದೇ ಬೈಗುಳ ಪೂರ್ತಿ ಬೈದಳು. ಉಸಿರು ಮಾತ್ರ ಕೇಳಿಸಿತು. ಅವನು ಚಪ್ಪಾಳೆ ತಟ್ಟಿದ.

ಆ ವಿಡಿಯೊ ಈಗ ನಮ್ಮೂರಿನವರ ಫೋನುಗಳಲ್ಲೂ ಓಡಾಡುತ್ತಿದೆ. ಅವ್ವನ ಬಾಯಿಗೆ ಆ ಬೆಲ್ಲದವಳ ದನಿ ಕೂರಿಸಿದ್ದಾರೆ. ಕೊನೆಗೆ ಕೇಳುವುದು “ಬೆದರ್ತೈತೆ”. ನಿಮಗೂ ಬಂದರೆ ದನಿ ಬಂದ್ ಮಾಡಿ ನೋಡಿ. ಕೊನೆಯಲ್ಲಿ ಅವ್ವನ ಕೆಳತುಟಿ ಹಲ್ಲಿಗೆ ತಾಗುತ್ತದೆ; ಐತೆ ಅಂದರೆ ತಾಗುವುದಿಲ್ಲ. ಅವಳು ಅಂದದ್ದು “ಬೆದರ್ತಾವೆ”.