ಅವಳ ಅಂಗಿ ತೊಟ್ಟ ಸಂಜೆ

ಆ ಶುಕ್ರವಾರ ನನ್ನ ರೂಮಿನ ಗೆಳತಿಗೆ ರಜೆ, ನನಗೆ ಮಧ್ಯಾಹ್ನದ ಡ್ಯೂಟಿ. ಅವಳು ರಷ್ಯದ ಉರಲ್ ಬೆಟ್ಟಗಳ ಕಡೆಯ ಮಾರಿ ಎಂಬ ಜನದವಳು. ಅವರ ಕಡೆ ಚರ್ಚಿಗೆ ಹೋಗುವುದಿಲ್ಲ, ಊರ ಹೊರಗಿನ ದೇವರ ಬನದಲ್ಲಿ ಮರಗಳ ಎದುರು ಪ್ರಾರ್ಥಿಸುತ್ತಾರೆ. ಹಿರಿಯರಿಗೆ ಶುಕ್ರವಾರವೇ ದೇವರ ವಾರವಂತೆ. ದೋಹಾ ಅಲ್ ಜದೀದಾ ಬಡಾವಣೆಯ ನಮ್ಮ ರೂಮಿಗೆ ಬನ ಎಲ್ಲಿಂದ ಬರಬೇಕು? ತೆಳು ದೋಸೆಯಂಥದ್ದು ಮಾಡಿ, ಮೊದಲನೆಯದನ್ನು ಕಿಟಕಿಯಲ್ಲಿದ್ದ ನನ್ನ ತುಳಸಿ ಕುಂಡದ ಎದುರು ಇಟ್ಟಳು. ಗಿಡವಾದರೂ ಜೀವವಿದೆಯಲ್ಲ ಎಂಬುದು ಅವಳ ವಾದ.

ಹೊರಡುವಾಗ ನಾನು ತುಳುವಿನಲ್ಲಿ "ಪೋದ್ ಬರ್ಪೆ" ಎಂದೆ. ಹೋಗಿ ಬರುತ್ತೇನೆ. ಬರೀ 'ಹೋಗುತ್ತೇನೆ' ಅನ್ನುವುದು ನಮ್ಮಲ್ಲಿ ಅಪಶಕುನ ಎಂದು ಅವಳಿಗೆ ಹಿಂದೆಯೇ ಹೇಳಿದ್ದೆ.

"ಹಾಗಾದರೆ ನಿಮ್ಮೂರಿನಿಂದ ಯಾರೂ ಹೋಗುವುದೇ ಇಲ್ಲ ಅನ್ನು," ಎಂದು ನಕ್ಕಳು.

ಮರುದಿನ ಕೆಲಸದಲ್ಲೇ ಕುಸಿದಳು. ಹೃದಯ ಎಂದರು. ದೇಹ ಊರಿಗೆ ಹೋಯಿತು, ಬಟ್ಟೆ ಇಲ್ಲೇ ಉಳಿಯಿತು.

ಕೆಲವು ವಾರ ಕಳೆದು ಅವಳ ಅಕ್ಕ ವಿಡಿಯೊ ಕಾಲ್ ಮಾಡಿ ಮುರುಕು ಇಂಗ್ಲಿಷಿನಲ್ಲಿ ವಿವರಿಸಿದರು. ನಲವತ್ತನೆಯ ದಿನದವರೆಗೆ ಜೀವ ತಾನಿದ್ದ ಜಾಗ ಬಿಡುವುದಿಲ್ಲವಂತೆ. ಆ ದಿನ ಅದೇ ವಯಸ್ಸಿನ ಒಬ್ಬಳು ಸತ್ತವಳ ಬಟ್ಟೆ ತೊಟ್ಟು, ಅವಳಾಗಿಯೇ ಕುಳಿತು ಉಂಡು, 'ಹೋಗುತ್ತೇನೆ' ಎಂದು ಹೇಳಿ ಹೊಸ್ತಿಲು ದಾಟಬೇಕು. ಊರಲ್ಲಿ ನಾವು ಮಾಡುತ್ತೇವೆ, ಪ್ರಾಣ ಹೋದದ್ದು ದೋಹಾದಲ್ಲಿ, ಅಲ್ಲಿಂದ ನೀನೇ ಕಳಿಸಬೇಕು ಎಂದರು. ಯಾವ ಭಾಷೆಯಾದರೂ ಆದೀತು.

ನಮ್ಮ ಕಡೆ ಸತ್ತವರ ಬಟ್ಟೆಯನ್ನು ಮೈಗೆ ತಾಗಿಸುವವರಿಲ್ಲ. ಆದರೂ ಇಲ್ಲ ಎನ್ನಲು ಬಾಯಿ ಬರಲಿಲ್ಲ. ನಲವತ್ತನೆಯ ದಿನದ ಸಂಜೆ ಅವಳ ನೀಲಿ ಅಂಗಿ ತೊಟ್ಟೆ, ಕಸೂತಿಯ ಸ್ಕಾರ್ಫ್ ಕಟ್ಟಿಕೊಂಡೆ. ಅಂಗಿಯಲ್ಲಿ ಅವಳ ಬೆವರಿನ ವಾಸನೆ ಇನ್ನೂ ಇತ್ತು. ಫೋನಿನೊಳಗಿಂದ ಅಕ್ಕ ನನ್ನನ್ನು ಅವಳ ಹೆಸರಿನಿಂದ ಕರೆದು, ಊಟ ರುಚಿಯಾಯಿತೇ ಎಂದು ಕೇಳಿದರು. ಹೂಂ ಎಂದೆ. ಅದು ನನ್ನ ಸ್ವರದ ಹಾಗೆ ಕೇಳಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಬೇಗ ಬೇಗ ನುಂಗಿದೆ. ಒಮ್ಮೆ ಇದು ಮುಗಿದರೆ ಸಾಕಿತ್ತು.

ಎದ್ದು ಬಾಗಿಲಿಗೆ ಬಂದೆ. ಹೊಸ್ತಿಲು ದಾಟುವಾಗ, ಚಿಕ್ಕಂದಿನ ರೂಢಿ, "ಪೋದ್ ಬರ್ಪೆ" ಎಂದುಬಿಟ್ಟೆ.

ಅಕ್ಕ ಅಳುತ್ತ ತಮ್ಮೆದುರು ಹಚ್ಚಿಟ್ಟಿದ್ದ ಮೇಣದ ಬತ್ತಿ ಆರಿಸಿದರು. ಅವರಿಗೆ ತುಳು ಗೊತ್ತಿಲ್ಲ. ಅವಳಿಗೆ ಆ ಮಾತಿನ ಅರ್ಥ ಗೊತ್ತಿತ್ತು.

ಅಂಗಿಯನ್ನು ಒಗೆದು ಮಡಚಿಟ್ಟಿದ್ದೇನೆ. ಕೆಲಸ ಮುಗಿಸಿ ಬಂದಾಗ, ಬೀಗ ತೆಗೆಯುವ ಮೊದಲು ಬಾಗಿಲಿಗೆ ಕಿವಿಕೊಟ್ಟು ನಿಲ್ಲುತ್ತೇನೆ. 'ಹೋಗುತ್ತೇನೆ' ಎಂಬ ಮಾತನ್ನು ಅವಳ ಪರವಾಗಿ ಈ ರೂಮಿನಲ್ಲಿ ಯಾರೂ ಇನ್ನೂ ಹೇಳಿಲ್ಲ.