ಅಜ್ಜಿ ಕೊಟ್ಟ ಗೋಡೆ

“ಟೀಚರಮ್ಮ, ನಮ್ಮನೇಲಿ ಕ್ಯಾಲೆಂಡ್ರು ಇಲ್ಲ ಕಣವ್ವ. ಗ್ವಾಡೆ ಅದೆ. ಅದ್ರ ಮ್ಯಾಲೆ ಬರುದ್ರೆ ಆಯ್ತದಾ?”

ತರಗತಿಯ ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ಒಂದನೇ ತರಗತಿಯ ಮಾದೇವಿಯ ಅಜ್ಜಿ. ಗಡಿಯಾಚೆ ತಮಿಳು ಸೀಮೆಗೆ ಸೇರಿದ ಜೀರಹಳ್ಳಿ ಕಡೆಯ ಕನ್ನಡ ಶಾಲೆಗೆ ನಾನು ಟೀಚರಾಗಿ ಹೋಗಿ ಆಗಿನ್ನೂ ಒಂದು ತಿಂಗಳಾಗಿತ್ತು. ತರಗತಿಯಲ್ಲಿ ಒಂದು ಅಕ್ಷರಮಾಲೆಯ ಚಾರ್ಟೂ ಇರಲಿಲ್ಲ. ತಾಳವಾಡಿಯ ಅಂಗಡಿಯಲ್ಲಿ ಕೇಳಿದರೆ ತಮಿಳಿನದು ಮಾತ್ರ ಇತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನೇ ಬರೆಯೋಣವೆಂದು, ಮನೆಯಿಂದ ಒಂದೊಂದು ತನ್ನಿ ಎಂದು ಮಕ್ಕಳಿಗೆಲ್ಲ ಹೇಳಿದ್ದೆ. ಮರುದಿನದಿಂದ ಮಾದೇವಿ ಶಾಲೆಗೆ ಬಂದಿರಲಿಲ್ಲ. ಜ್ವರವಿರಬೇಕು ಎಂದುಕೊಂಡಿದ್ದೆ.

“ಬರಿಗೈಲಿ ಎಂಗೋಗ್ಲಿ ಅಂತ ಮೂಲೇಲಿ ಕುಂತದೆ ಕೂಸು” ಎಂದರು ಅಜ್ಜಿ. “ತಪ್ಪು ನನ್ನದೇ ಅಜ್ಜಿ. ಸಂಜೆ ನಾನೇ ಬಂದು ಗೋಡೆ ಮೇಲೆ ಬರೀತೀನಿ” ಎಂದೆ.

ಸಂಜೆ ಅವರ ಮನೆಗೆ ಹೋದೆ. ದಾರಿ ಕಡೆಯ ಗೋಡೆಗೆ ಅಜ್ಜಿ ಆಗಲೇ ಸುಣ್ಣ ಬಳಿದು, ಬಟ್ಟಲಲ್ಲಿ ಕೆಮ್ಮಣ್ಣು ಕಲಸಿಟ್ಟಿದ್ದರು. ಮಾದೇವಿ ಬಾಗಿಲ ಹಿಂದೆ ಅಡಗಿದ್ದಳು.

“ಇಷ್ಟು ದೊಡ್ಡ ಹಾಳೆ ಬೇರೆ ಯಾರೂ ಕೊಟ್ಟಿಲ್ಲ ಕಣೆ. ಬಾ, ಬಟ್ಟಲು ಹಿಡ್ಕೊ” ಎಂದೆ. ಮೆಲ್ಲಗೆ ಬಂದಳು. ‘ಅ’ದಿಂದ ‘ಳ’ದವರೆಗೆ ನಾನು ಬರೆದು ಮುಗಿಸುವಷ್ಟರಲ್ಲಿ ಅವಳ ಲಂಗವೆಲ್ಲ ಕೆಂಪಾಗಿ, ಮುಖದಲ್ಲಿ ನಗು ಬಂದಿತ್ತು. ಮರುದಿನ ಎಲ್ಲರಿಗಿಂತ ಮೊದಲು ಶಾಲೆಯಲ್ಲಿದ್ದಳು.

ಮಕ್ಕಳಿಗೆ ಏನಾದರೂ ತನ್ನಿ ಎನ್ನುವ ಮುಂಚೆ ಈಗ ಎರಡು ಸಲ ಯೋಚಿಸುತ್ತೇನೆ. ಆ ದಾರಿಯ ಮಕ್ಕಳು ಗೋಡೆ ಓದಿಕೊಂಡೇ ಶಾಲೆಗೆ ಬರುತ್ತಾರೆ. ಮೋಡ ಕವಿದರೆ ಅಜ್ಜಿ ಅಕ್ಷರಗಳ ಮೇಲೆ ಗೋಣಿತಾಟು ಇಳಿಬಿಡುತ್ತಾರೆ.