ಶಿವಮಲ್ಲನನ್ನು ಕರೆಯುವವರು ಯಾರು?

ಕಳೆದ ತಿಂಗಳು ಎರಡು ವರ್ಷದ ಹುಡುಗನೊಬ್ಬ ನನ್ನ ಮಾನ ಕಳೆದ. ಅದೂ ಮೊಬೈಲ್ ಕ್ಯಾಮೆರಾ ಮುಂದೆ.

ಈ ಅಂಕಣ ಓದುವವರಿಗೆ ನನ್ನ ಕೆಲಸ ಗೊತ್ತು. ಚಾಮರಾಜನಗರದಲ್ಲಿ ಸ್ಪೀಚ್ ಥೆರಪಿಸ್ಟ್. ಕಿವಿ ಸರಿಯಾಗಿ ಕೇಳದ ಮಕ್ಕಳಿಗೆ ಮಿಷಿನ್ ಹಾಕಿದ ಮೇಲೆ ಕೇಳಿಸಿಕೊಳ್ಳುವುದನ್ನೂ ಮಾತಾಡುವುದನ್ನೂ ಕಲಿಸುವವಳು. (ಕಡಿಮೆ ಮಾತಾಡುವುದನ್ನು ನಿನಗೆ ಯಾರಾದರೂ ಕಲಿಸಬಾರದಾ ಅಂತ ನನ್ನ ಗಂಡ ಕೇಳುತ್ತಿರುತ್ತಾರೆ. ಫೋನಿನಿಂದ ತಲೆ ಎತ್ತದೆ.)

ಅವರ ಆಸೆ ಈ ಸಲ ಈಡೇರಿತು. ನಮಗೆ ಟ್ರೇನಿಂಗ್ ಶುರುವಾಯಿತು. ಆನ್‌ಲೈನ್. ಬೇರೆ ಬೇರೆ ಜಿಲ್ಲೆಗಳ ಥೆರಪಿಸ್ಟ್‌ಗಳು ವಿದ್ಯಾರ್ಥಿಗಳು, ಮೈಸೂರಿನ ಸುಮಿತ್ರಾ ಮೇಡಂ ಟೀಚರ್. ನಾವು ಥೆರಪಿ ಮಾಡುವುದನ್ನು ವಿಡಿಯೋ ತೆಗೆದು ಕಳಿಸಬೇಕು. ಅವರು ಅದನ್ನು ಎಲ್ಲರೆದುರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಪ್ಪು ಹೇಳುತ್ತಾರೆ. ಅತ್ತೆ ನೋಡುತ್ತಾ ನಿಂತಿರುವಾಗ ಮೊದಲ ಸಲ ಮುದ್ದೆ ತಿರುವಿದ್ದೀರಾ? ಅಷ್ಟೇ ಸುಖ.

ಅವರ ಪಾಠದ ಸಾರ ಇಷ್ಟು. "ನೀವು ಬಾಯಿ ಮುಚ್ಚಿ, ಅಮ್ಮ ಮಾತಾಡಲಿ. ಮಗು ನಿಮ್ಮ ಹತ್ತಿರ ವಾರಕ್ಕೊಮ್ಮೆ ಬರೋದು. ಅಮ್ಮನ ಹತ್ತಿರ ದಿನವಿಡೀ ಇರುತ್ತೆ."

ಸರಿಯೇ. ಆದರೆ ನನ್ನ ರೂಮಿನಲ್ಲಿ ನಡೆಯುತ್ತಿದ್ದುದೇ ಬೇರೆ. ಕುಣಿಯುವವಳು ನಾನು, ಹಾಡುವವಳು ನಾನು, ಬಸ್ಸಿನ ಸದ್ದು ಮಾಡುವವಳೂ ನಾನೇ. ಶಿವಮಲ್ಲನ ತಾಯಿ ರೂಪಾ ಬ್ಯಾಗ್ ಮಡಿಲಲ್ಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಮಾತಾಡಬಾರದು ಎಂಬಂತೆ ಕೂತಿರುತ್ತಿದ್ದಳು.

ನಾನು ಕಳಿಸಿದ್ದು ಈ ಶಿವಮಲ್ಲನ ವಿಡಿಯೋ. ಅವನಿಗೆ ಮಿಷಿನ್ ಹಾಕಿ ಕೆಲವು ತಿಂಗಳಾಗಿತ್ತು. ಹಿಂದಿನಿಂದ ಡೋಲು ಬಡಿದರೆ ತಿರುಗುತ್ತಾನೆ. ಹೆಸರು ಹಿಡಿದು ಕರೆದರೆ? ಊಹೂಂ. "ಶಿವಮಲ್ಲಾ..." ಅಂತ ನಾನು ಎಷ್ಟು ರಾಗ ಎಳೆದರೂ ಅವನು ಆಟದ ಬ್ಲಾಕ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಇದ್ದ. ಎಲ್ಲ ಜಿಲ್ಲೆಯವರೂ ನೋಡಿದರು.

"ಅಮ್ಮ ಕರೀಲಿ," ಅಂದರು ಸುಮಿತ್ರಾ ಮೇಡಂ.

ಮುಂದಿನ ಸಲ ರೂಪಾಗೆ ಹೇಳಿದೆ. ಅವಳು ನೆಲ ನೋಡಿ ನಕ್ಕಳು. "ನೀವೇ ಕರೀರಿ ಮೇಡಂ." ಕ್ಯಾಮೆರಾಕ್ಕೆ ನಾಚಿಕೆ ಅಂದುಕೊಂಡು ಮೊಬೈಲ್ ಒಳಗಿಟ್ಟೆ. ಆಗಲೂ ಬಾಯಿ ಬಿಡಲಿಲ್ಲ.

ನನಗೆ ಚಿಂತೆ ಹತ್ತಿತು. ಸದ್ದು ಮುಟ್ಟುತ್ತಿದೆ, ಮಾತು ಮುಟ್ಟುತ್ತಿಲ್ಲವೇನೋ. ಈ ಮಿಷಿನ್ ಇವನಿಗೆ ಸಾಲದೇನೋ. "ಮೈಸೂರಿಗೆ ಕಳಿಸಿ ಇನ್ನೊಮ್ಮೆ ಪೂರ್ತಿ ಟೆಸ್ಟ್ ಮಾಡಿಸೋಣ. ಆಪರೇಷನ್ ಬೇಕಾದರೂ ಬೇಕಾಗಬಹುದು," ಅಂದೆ. ರೂಪಾಳ ಮುಖ ಬಾಡಿಹೋಯಿತು.

"ಮನೇಲಿ ಕೂಗುದ್ರೆ ಬತ್ತನೆ ಮೇಡಂ," ಅಂದಳು ಮೆಲ್ಲಗೆ.

"ನಿಮ್ಮ ಮುಖ ನೋಡಿ ಬರ್ತಾನೆ ರೂಪಾ. ಕೇಳಿ ಬರೋದು ಬೇರೆ." (ಓದಿದವರ ಹತ್ತಿರ ಎಲ್ಲದಕ್ಕೂ ಉತ್ತರ ಇರುತ್ತದೆ, ನೋಡಿ.)

ಟ್ರೇನಿಂಗ್‌ನಲ್ಲಿ ಮನೆ ಭೇಟಿಯೂ ಇತ್ತು. ಹಾಗಾಗಿ ಒಂದು ಬೆಳಿಗ್ಗೆ ಬೇಗೂರಿನ ಹತ್ತಿರ ಬಸ್ಸಿಳಿದು ಅವರ ಮನೆಗೆ ಹೋದೆ. ಅಂಗಳದಲ್ಲಿ ಚೆಂಡುಹೂವಿನ ಮೂಟೆಗಳು. ಜಗಲಿಯಲ್ಲಿ ರೂಪಾಳ ಅತ್ತೆ ಮೊರದಲ್ಲಿ ರಾಗಿ ಕೇರುತ್ತಿದ್ದರು. ನಮ್ಮ ಹುಡುಗ ಹಳೇ ಚಪ್ಪಲಿಗೆ ದಾರ ಕಟ್ಟಿ ಎಳೆಯುತ್ತಿದ್ದ. ಬೆನ್ನು ನಮ್ಮ ಕಡೆಗೆ. ಒಳ್ಳೇ ಅವಕಾಶ ಅಂತ ಗಟ್ಟಿಯಾಗಿ ಕೂಗಿದೆ.

"ಶಿವಮಲ್ಲಾ!"

ಹುಡುಗ ಕದಲಲಿಲ್ಲ. ಮೊರ ನಿಂತಿತು. ಅಜ್ಜಿ ತಲೆ ಮೇಲೆ ಸೆರಗೆಳೆದುಕೊಂಡು ಎದ್ದು ನಿಂತೇಬಿಟ್ಟರು.

"ಅಯ್ಯೋ, ಅಂಗ್ ಎಸ್ರಿಡ್ದು ಕೂಗ್ಬ್ಯಾಡಿ ಕಣವ್ವ. ಅದು ನಮ್ಮೋರ ಎಸ್ರು!"

ಆಗ ಕಥೆ ಹೊರಬಂತು. ಹುಡುಗ ಹುಟ್ಟುವ ಸ್ವಲ್ಪ ಮುಂಚೆ ಅವನ ತಾತ ತೀರಿಕೊಂಡರು. ತಾತನ ಹೆಸರನ್ನೇ ಮೊಮ್ಮಗನಿಗೆ ಇಟ್ಟರು. ಎಲ್ಲರಿಗೂ ಖುಷಿ. ಆದರೆ ಆ ಹೆಸರು ಹೇಳುವವರು ಯಾರು? ಅಜ್ಜಿ ಗಂಡನ ಹೆಸರು ಹೇಳುವಂತಿಲ್ಲ. ರೂಪಾ ಮಾವನ ಹೆಸರು ಹೇಳುವಂತಿಲ್ಲ. ಹುಡುಗನ ಅಪ್ಪ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ, ಅವನಿಗೂ ಆಗದು. "ಎತ್ತಪ್ಪನ್ ಎಸ್ರಿಡ್ದು ಬಾರ್ಲಾ ಓಗ್ಲಾ ಅನ್ನಕಾದದಾ?" ಅಂತ ಅಜ್ಜಿ ನನ್ನನ್ನೇ ಕೇಳಿದರು.

ಅಂದರೆ ಹುಡುಗ ತನ್ನ ಹೆಸರನ್ನು ಕೇಳಿದ್ದು ನನ್ನೊಬ್ಬಳ ಬಾಯಲ್ಲಿ! ಯಾವುದೋ ಹೆಂಗಸು ಯಾರನ್ನೋ ಕರೆಯುತ್ತಿದ್ದಾಳೆ ಅಂತ ಪಾಪ, ತನ್ನ ಪಾಡಿಗೆ ತಾನಿದ್ದ.

"ಮತ್ತೆ ಮನೇಲಿ ಏನಂತ ಕರೀತೀರಿ?"

ರೂಪಾ ಅಡುಗೆಮನೆಗೆ ಹೋಗಿ, ಬಾಗಿಲ ಮರೆಯಲ್ಲಿ ನಿಂತು, ದನಿ ಏರಿಸದೆ ಕರೆದಳು.

"ಯಜಮಾನ್ರೇ, ಹಾಲ್ ಕುಡಿಯಾಕ್ ಬನ್ನಿ."

ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋಗುತ್ತಿತ್ತು. ಆ ಗದ್ದಲದಲ್ಲೂ ಯಜಮಾನರು ದಾರ ಬಿಟ್ಟರು, ತಿರುಗಿದರು, ಓಡಿಬಂದರು! ಕಾಣುವುದಕ್ಕೆ ಮುಖವೇ ಇರಲಿಲ್ಲ. ಬರೀ ದನಿ. ನನಗೆ ನಂಬಿಕೆ ಬಾರದೆ, ಅವನು ಆಟಕ್ಕೆ ಮರಳಿದ ಮೇಲೆ ಮೊಬೈಲ್‌ನಲ್ಲಿ ವಿಡಿಯೋ ಹಚ್ಚಿ, ಇನ್ನೂ ಮೆಲ್ಲಗೆ ಕರೆಸಿದೆ. ಬಂದ. ಮತ್ತೂ ಕರೆಸಿದೆ. ಹಾಲು ಕೊಡದೆ ಸುಮ್ಮನೆ ಕರೆಯುತ್ತಾರೆಂದು ಯಜಮಾನರಿಗೆ ಸಿಟ್ಟು ಬಂದು ಚಪ್ಪಲಿ ಎಸೆದರು.

"ಆಪರೇಷನ್ ಬ್ಯಾಡ್ವಾ ಮೇಡಂ?" ರೂಪಾಳ ಕಣ್ಣಲ್ಲಿ ನೀರು.

"ಟೆಸ್ಟ್ ಮಾಡಿಸ್ತಾ ಇರೋಣ. ಆದ್ರೆ ನಿಮ್ಮ ಮಾತು ಇವನಿಗೆ ಕೇಳ್ತಾ ಇದೆ ರೂಪಾ. ಚೆನ್ನಾಗಿ ಕೇಳ್ತಾ ಇದೆ." ನನ್ನ ಕಣ್ಣೂ ತುಂಬಿತ್ತು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷ ನನಗೆ ಡಿಗ್ರಿ ಬಂದ ದಿನವೂ ಆಗಿರಲಿಲ್ಲ.

ಯೋಚಿಸಿದರೆ ನಮ್ಮಲ್ಲಿ ಎಷ್ಟು ಜನ ಆಧಾರ್ ಕಾರ್ಡಿನ ಹೆಸರಿನಲ್ಲಿ ಬದುಕುತ್ತಿದ್ದೇವೆ? ನನ್ನಮ್ಮನಿಗೆ ನಾನು ಈಗಲೂ ಪಾಪು. ಬ್ಯಾಂಕಿನಲ್ಲಿ ಪೂರ್ತಿ ಹೆಸರು ಕೂಗಿದರೆ ನಾನೇ ಅಕ್ಕಪಕ್ಕ ನೋಡುತ್ತೇನೆ. ನನಗೆ ಯಾರು ಮಿಷಿನ್ ಹಾಕುತ್ತಾರೆ?

ಈ ವಿಡಿಯೋ ನೋಡಿ ಸುಮಿತ್ರಾ ಮೇಡಂ ನಿಲ್ಲಿಸಲಿಲ್ಲ, ಪೂರ್ತಿ ಓಡಿಸಿದರು. ಆಮೇಲೆ ಅಂದರು, "ನೋಡಿದ್ರಾ? ಇದರಲ್ಲಿ ಥೆರಪಿಸ್ಟ್ ಬಾಯಿ ಮುಚ್ಚಿದ್ದಾರೆ." ಹೊಗಳಿಕೆ ಅಂತಲೇ ತಗೊಂಡೆ.

ಅವರ ಮನೆಗೆ ಹೋದ ದಿನ ಕಾಫಿ ಕೊಟ್ಟು ಕಳಿಸುವಾಗ ಅಜ್ಜಿ ನನಗೇ ಹೋಂವರ್ಕ್ ಕೊಟ್ಟರು. "ಇಸ್ಕೂಲ್ಗ್ ಸೇರುದ್ ಮ್ಯಾಲೆ ಮೇಷ್ಟ್ರು ಯಜಮಾನ್ರೇ ಅಂದಾರಾ? ಆ ಎಸ್ರ ನೀವೇ ಕೂಗಿ ಕಲ್ಸಿ ಕಣವ್ವ. ನಿಮ್ಗೇನ್ ಅವ್ರು ಗಂಡ್ನಾ, ಮಾವ್ನಾ?"

ಕಲಿಸಿದೆ. ಬಾಗಿಲಲ್ಲಿ ಕಂಡರೆ ಶಿವಮಲ್ಲ, ಚೆಂಡು ಕೊಟ್ಟರೆ ಶಿವಮಲ್ಲ, ಟಾಟಾ ಹೇಳುವಾಗಲೂ ಶಿವಮಲ್ಲ. ಮೊನ್ನೆ ಗುರುವಾರ ಹಿಂದಿನಿಂದ ಮೆಲ್ಲಗೆ ಕರೆದೆ. ತಿರುಗಿ ನೋಡಿ, ಹಲ್ಲು ಬಿಟ್ಟು, ತನ್ನ ಎದೆ ಮುಟ್ಟಿಕೊಂಡು "ಮಲ್ಲ" ಅಂದ! ರೂಪಾ ಚಪ್ಪಾಳೆ ತಟ್ಟಿದಳು. ಅವತ್ತು ಜೊತೆಗೆ ಬಂದಿದ್ದ ಅಜ್ಜಿ ಅಭ್ಯಾಸಬಲದಿಂದ ಸೆರಗು ಎಳೆದುಕೊಂಡರು.

ಅದೇ ಹುಮ್ಮಸ್ಸಿನಲ್ಲಿ ಮನೆಗೆ ಬಂದು, ಫೋನ್ ಹಿಡಿದು ಕೂತಿದ್ದ ನನ್ನ ಗಂಡನನ್ನು ಹಿಂದಿನಿಂದ "ರೀ" ಅಂತ ಕರೆದೆ. ಅವರ ಕಿವಿ ಟೆಸ್ಟ್ ಮಾಡಿದವಳು ನಾನೇ, ಎರಡೂ ಚೆನ್ನಾಗಿವೆ. ತಿರುಗಲಿಲ್ಲ. ನಿಮ್ಮ ಮನೆಯ ಯಜಮಾನ್ರು ತಿರುಗುತ್ತಾರಾ?